ದೊಡ್ಡ ಟೈರ್ ಹಾಕಿಸುವ ಮುಂಚೆ

ಮೊದಲ ಮಳೆ ಬಿದ್ದರೆ ಸಾಕು, ಸಕಲೇಶಪುರದ ನಮ್ಮ ಟೈರ್ ಅಂಗಡಿ ಮುಂದೆ ಜಿಮ್ನಿ, ಥಾರ್‌ಗಳು ಸಾಲುಗಟ್ಟುತ್ತವೆ. ತೋಟದವರಿರಲಿ, ಬೆಂಗಳೂರಿನಿಂದ ಬಂದ ಹುಡುಗರಿರಲಿ, ಕೇಳುವುದು ಒಂದೇ: 'ಅಣ್ಣಾ, ಇದಕ್ಕೆ ಎಷ್ಟು ದೊಡ್ಡ ಟೈರ್ ಹಾಕಬಹುದು?' ನಾನು ಮೊದಲು ಕೇಳುವುದು ಬೇರೆ. ಗಾಡಿ ಎಲ್ಲಿ ತಗುಲುತ್ತಿದೆ? ಮುಂದಿನ ಬಂಪರ್ ಒರೆಸುತ್ತಿದೆಯೋ, ನಡುಹೊಟ್ಟೆ ಕೂರುತ್ತಿದೆಯೋ, ಹಿಂದಿನ ಆಕ್ಸಲ್ ಕಲ್ಲಿಗೆ ಬಡಿಯುತ್ತಿದೆಯೋ? ಅಥವಾ ಎಲ್ಲೂ ತಗುಲದೆ ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿದೆಯೋ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಟೈರಿನ ಅಳತೆ ಅರ್ಧ ನಿರ್ಧಾರವಾದಂತೆ.

ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್15. ಟೈರಿನ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 80, ಅಂದರೆ 156 ಮಿ.ಮೀ., ಒಳಗಿನ ರಿಮ್ 15 ಇಂಚು, ಅಂದರೆ 381 ಮಿ.ಮೀ. ಪಕ್ಕೆ ಮೇಲೂ ಇದೆ, ಕೆಳಗೂ ಇದೆ. ಆದ್ದರಿಂದ 381ಕ್ಕೆ 156ನ್ನು ಎರಡು ಸಲ ಕೂಡಿಸಿದರೆ ಟೈರಿನ ಪೂರ್ತಿ ಎತ್ತರ 693 ಮಿ.ಮೀ. ಇದರ ಜಾಗಕ್ಕೆ ಹುಡುಗರು ಕೇಳುವ 235/75 ಆರ್15 ಹಾಕಿದರೆ ಎತ್ತರ 733 ಮಿ.ಮೀ. ದಾಟುತ್ತದೆ. ಹೆಚ್ಚಾದದ್ದು 40 ಮಿ.ಮೀ. ಆದರೆ ಗಾಡಿ 40 ಮಿ.ಮೀ. ಮೇಲೇಳುವುದಿಲ್ಲ. ಆಕ್ಸಲ್ ಇರುವುದು ಚಕ್ರದ ನಡುವೆ. ಅದಕ್ಕೆ ಸಿಗುವುದು ಅರ್ಧ, 20 ಮಿ.ಮೀ. ಮಾತ್ರ. 215/75 ಆರ್15 ಹಾಕಿದರಂತೂ ಬರೀ 5 ಮಿ.ಮೀ. ಸಿಗುತ್ತದೆ. ದುಡ್ಡು ಕೊಡುವ ಮುಂಚೆ ಈ ಲೆಕ್ಕವನ್ನು ಪ್ರತಿಯೊಬ್ಬರೂ ಕಾಗದದ ಮೇಲೆ ಮಾಡಬೇಕು ಎಂಬುದು ನನ್ನ ಆಸೆ.

ಹಾಗಂತ ಆ 20 ಮಿ.ಮೀ. ಕಡೆಗಣಿಸುವಂಥದ್ದಲ್ಲ. ಲಿಫ್ಟ್ ಕಿಟ್ ಹಾಕಿಸಿ ಸ್ಪ್ರಿಂಗ್ ಎತ್ತರಿಸಿದರೆ ಬಾಡಿ, ಚಾಸಿ, ಬಂಪರ್ ಮೇಲೇಳುತ್ತವೆ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಜಿಮ್ನಿಯಲ್ಲಿ ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಥಾರ್‌ನಲ್ಲಿ ಹಿಂದೆ. ಆ ಆಕ್ಸಲ್ ನಡುವೆ ಕ್ರೌನ್-ಪಿನಿಯನ್ ಕೂರುವ ದಪ್ಪ ಹೌಸಿಂಗ್ ಇದೆಯಲ್ಲ, ತೋಟದ ರಸ್ತೆಯ ಕೊರಕಲುಗಳ ನಡುವಿನ ದಿಬ್ಬಕ್ಕೆ ಮೊದಲು ಬಡಿಯುವುದು ಅದೇ. ಸಾಮಾನ್ಯ ಗಾಡಿಯಲ್ಲಿ ಅದನ್ನು ನೆಲದಿಂದ ಮೇಲೆತ್ತಲು ದೊಡ್ಡ ಟೈರ್ ಬಿಟ್ಟರೆ ಬೇರೆ ದಾರಿಯಿಲ್ಲ. ನಿಮ್ಮ ತೊಂದರೆ ಹೌಸಿಂಗ್‌ದಾದರೆ ಟೈರ್ ನೋಡಿ, ನಡುಹೊಟ್ಟೆಯದಾದರೆ ಸ್ಪ್ರಿಂಗ್ ನೋಡಿ.

ಇನ್ನು ಗೇರಿನ ವಿಷಯ. ಜನ ಇದನ್ನೇ ಮರೆಯುತ್ತಾರೆ. ಟೈರ್ ಶೇ. 6ರಷ್ಟು ದೊಡ್ಡದಾದರೆ ಚಕ್ರ ಒಂದು ಸುತ್ತಿಗೆ ಶೇ. 6ರಷ್ಟು ಹೆಚ್ಚು ದೂರ ಹೋಗುತ್ತದೆ. ಅಷ್ಟೇ ಪ್ರಮಾಣದಲ್ಲಿ ನೆಲದ ಮೇಲೆ ಗಾಡಿಯ ಎಳೆತ ಕಡಿಮೆಯಾಗುತ್ತದೆ, ಎಲ್ಲ ಗೇರಿನಲ್ಲೂ, ರಿವರ್ಸಿನಲ್ಲೂ. ಗೇರ್ ಇಲ್ಲದ ಸೈಕಲ್‌ಗೆ ಮುಂದಿನ ಹಲ್ಲುಚಕ್ರ ಇನ್ನೂ ದೊಡ್ಡದು ಹಾಕಿ ಏರು ತುಳಿದಂತೆ. 300 ನ್ಯೂಟನ್ ಮೀಟರ್ ಟಾರ್ಕ್ ಇರುವ ಥಾರ್ ಡೀಸೆಲ್ ಇದನ್ನು ನುಂಗಿಕೊಳ್ಳುತ್ತದೆ. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಇರುವುದೇ 134. ಅದರಲ್ಲಿ ಶೇ. 6 ಹೋದರೆ ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ತಿರುವಿಗೆ ಎರಡಕ್ಕೆ ಇಳಿಸಬೇಕಾಗುತ್ತದೆ. ತೋಟದ ಕಡಿದಾದ ಏರಿನಲ್ಲಿ ಚಾಲಕ ಗೊತ್ತಿಲ್ಲದೆ ಹಾಫ್ ಕ್ಲಚ್ ಒತ್ತತೊಡಗುತ್ತಾನೆ. ಆಮೇಲೆ ನಮ್ಮಲ್ಲಿಗೆ ಬರುವುದು ಕ್ಲಚ್ ಪ್ಲೇಟಿನ ಸುಟ್ಟ ವಾಸನೆಯೊಂದಿಗೆ.

ನಮ್ಮ ಹಳೆಯ ಜೀಪುಗಳ ಮೂಲವಾದ ವಿಲ್ಲೀಸ್ ನನಗೆ ಈಗಲೂ ಪಾಠ ಹೇಳುತ್ತದೆ. ಎರಡನೇ ಮಹಾಯುದ್ಧದ ಆ ಗಾಡಿಗೆ ಇದ್ದದ್ದು 60 ಅಶ್ವಶಕ್ತಿ, ಟೈರ್ 6.00-16, ಇವತ್ತಿನ ಕಣ್ಣಿಗೆ ತೆಳ್ಳಗೆ ಕಾಣುವಂಥದ್ದು. ಆದರೆ ಆಕ್ಸಲ್ ರೇಷಿಯೊ 4.88, ಲೋ ರೇಂಜ್ (ನಿಧಾನ ಚಾಲನೆಯ ಹೆಚ್ಚುವರಿ ಗೇರ್) 1.97, ಮೊದಲ ಗೇರ್ 2.67. ಮೂರನ್ನೂ ಗುಣಿಸಿ: ಎಂಜಿನ್ 25ಕ್ಕೂ ಹೆಚ್ಚು ಸಲ ಸುತ್ತಿದರೆ ಚಕ್ರ ಒಂದು ಸಲ. ನಿಮಿಷಕ್ಕೆ 600 ಸುತ್ತಿನಲ್ಲಿ ಎಂಜಿನ್ ಮೆಲ್ಲಗೆ ಗುನುಗುತ್ತಿದ್ದರೆ ಗಾಡಿ ಗಂಟೆಗೆ 3 ಕಿ.ಮೀ. ಆಸುಪಾಸಿನಲ್ಲಿ, ನಡೆಯುವವನಿಗಿಂತ ನಿಧಾನವಾಗಿ ತೆವಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಯಬಹುದು. ಒದ್ದೆ ಜೇಡಿಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕ್ಷಣ ಚಕ್ರ ಸುತ್ತುವುದು ನಿಂತು ಗಾಡಿ ಜಾರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ದೊಡ್ಡ ಟೈರ್ ಹಾಕಿದಾಗ ಏರುವ ಬಲದ ಜೊತೆಗೆ ಈ ಇಳಿಯುವ ಹಿಡಿತವೂ ಕಡಿಮೆಯಾಗುತ್ತದೆ.

ಕಳೆದುಕೊಂಡ ಗೇರಿಂಗ್ ವಾಪಸ್ ಪಡೆಯಲು ಕ್ರೌನ್-ಪಿನಿಯನ್ ಬದಲಿಸಬೇಕು. ಉದಾಹರಣೆಗೆ 10ಕ್ಕೆ 41 ಹಲ್ಲಿನ ಜೋಡಿ ತೆಗೆದು 10ಕ್ಕೆ 43ರದ್ದು ಹಾಕಿದರೆ ಸುಮಾರು ಶೇ. 5 ಮರಳಿ ಬರುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಹಿಂದಿನದು ಮಾತ್ರ ಬದಲಿಸಿದರೆ ಆಗದು, ಮುಂದಿನದೂ ಅದೇ ಲೆಕ್ಕಕ್ಕೆ ಬರಬೇಕು. ಖರ್ಚು ಟೈರಿಗಿಂತ ಜಾಸ್ತಿಯಾಗಬಹುದು, ನಮ್ಮ ಗಾಡಿಗಳಿಗೆ ಬೇಕಾದ ಹಲ್ಲಿನ ಸೆಟ್ ಸಿಗುವುದೂ ಸುಲಭವಲ್ಲ. ಆದ್ದರಿಂದ ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ. ಟೈರಿನ ಎತ್ತರ ಶೇ. 3ರ ಒಳಗೆ ಹೆಚ್ಚಿದರೆ ಯೋಚನೆ ಬೇಡ. ಶೇ. 5-6 ಆದರೆ ಎಂಜಿನ್ನಿಗೆ ಕೆಳಗಿನ ಸುತ್ತಿನಲ್ಲೇ ಬಲವಿರಬೇಕು, ಲೋ ರೇಂಜ್ ಇರಲೇಬೇಕು. ಅದಕ್ಕೂ ಮೇಲೆ ಹೋಗುವುದಾದರೆ ಗೇರ್ ಬದಲಿಸುವ ದುಡ್ಡನ್ನೂ ಕೈಯಲ್ಲಿಟ್ಟುಕೊಂಡು ಹೊರಡಿ.

ಟೈರ್ ಕೂರುತ್ತದೆಯೇ ಎಂದು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನೋಡಿದರೆ ಗೊತ್ತಾಗುವುದಿಲ್ಲ. ನಾವು ಅಂಗಡಿ ಪಕ್ಕದ ಕಲ್ಲಿನ ದಿಮ್ಮಿಯ ಮೇಲೆ ಮುಂದಿನ ಒಂದು ಚಕ್ರ ಹತ್ತಿಸುತ್ತೇವೆ. ಆ ಕಡೆಯ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡು ಟೈರ್ ಮಡ್‌ಗಾರ್ಡಿನೊಳಗೆ ಹೋಗುತ್ತದೆ. ಆಗ ಸ್ಟೀರಿಂಗನ್ನು ಎಡಕ್ಕೆ ಫುಲ್ ಕಟ್, ಬಲಕ್ಕೆ ಫುಲ್ ಕಟ್ ತಿರುಗಿಸಿ ಕೈ ಹಾಕಿ ನೋಡುವುದು. ಬಂಪರಿನ ಹಿಂಭಾಗ, ಒಳಗಿನ ಪ್ಲಾಸ್ಟಿಕ್ ಲೈನರ್, ಚಾಸಿಯ ಪಕ್ಕ, ಬ್ರೇಕ್ ಹೋಸ್, ನಾಲ್ಕೂ ಕಡೆ ಎರಡು ಬೆರಳು ಆಡುವಷ್ಟು ಜಾಗ ಬೇಕು. ಉಜ್ಜುವ ಕಡೆ ಲೈನರ್ ಮೇಲೆ ಕಪ್ಪಗೆ ಮಿರುಗುವ ಗೆರೆ ಬೀಳುತ್ತದೆ. ಹೋಸ್ ಮೇಲೆ ಆ ಗೆರೆ ಕಂಡರೆ ಗಾಡಿಯನ್ನು ಅಲ್ಲಿಂದ ಕದಲಿಸಬಾರದು. ಹೊರಗೆ ಚಾಚುವ ರಿಮ್ ಹಾಕಿದರೆ ಚಾಸಿ ಕಡೆಯ ಉಜ್ಜಾಟ ತಪ್ಪುತ್ತದೆ, ಆದರೆ ಟೈರ್ ತಿರುಗುವಾಗ ಮಡ್‌ಗಾರ್ಡಿನ ಅಂಚಿಗೆ ಬರುತ್ತದೆ, ವೀಲ್ ಬೇರಿಂಗ್ ಮೇಲೂ ಭಾರ ಬೀಳುತ್ತದೆ.

ಅಗಲದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಮಲೆನಾಡಿಗೆ ಅಗಲ ಟೈರ್ ಬೇಡ. ಮರಳಿನಲ್ಲಿ ಮೇಲೆ ತೇಲಬೇಕು, ಅಲ್ಲಿ ಅಗಲ ಒಳ್ಳೆಯದು. ನಮ್ಮ ಕೆಸರಿನಡಿ ಸ್ವಲ್ಪ ಆಳದಲ್ಲೇ ಗಟ್ಟಿ ನೆಲ ಸಿಗುತ್ತದೆ. ತೆಳ್ಳನೆಯ ಟೈರ್ ಕೆಸರನ್ನು ಸೀಳಿ ಆ ನೆಲ ಹಿಡಿಯುತ್ತದೆ. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಜನರನ್ನು ಹೊತ್ತು ಹತ್ತುವ ಜೀಪುಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಎಷ್ಟೋ ಸಲ ಬೇಕಾಗಿರುವುದು ದೊಡ್ಡ ಟೈರೇ ಅಲ್ಲ, ಬೇರೆ ಬಟನ್ ಇರುವ ಟೈರ್. ರಸ್ತೆ ಟೈರಿನ ಸಂದುಗಳಲ್ಲಿ ಕೆಂಪು ಜೇಡಿ ತುಂಬಿಕೊಂಡರೆ ಅದು ನುಣ್ಣನೆಯ ಉರುಳೆ. ಆಲ್ ಟೆರೈನ್ ಟೈರಿನ ಬಟನ್‌ಗಳ ನಡುವೆ ಅಂತರ ಹೆಚ್ಚು, ಸುತ್ತುವಾಗ ಮಣ್ಣು ಉದುರುತ್ತದೆ. ಮಡ್ ಟೈರಿನಲ್ಲಿ ಇನ್ನೂ ಹೆಚ್ಚು, ಆದರೆ ಹೈವೇಯಲ್ಲಿ ಸದ್ದು ಮಾಡುತ್ತದೆ, ಒದ್ದೆ ಡಾಂಬರಿನಲ್ಲಿ ಹಿಡಿತವೂ ಕಡಿಮೆ. ತಿಂಗಳಲ್ಲಿ ಬಹುಪಾಲು ಹಾಸನ, ಬೆಂಗಳೂರು ಓಡಾಡುವವರಿಗೆ ಮಡ್ ಟೈರ್ ಬೇಡವೆಂದು ನಾನು ಕೈಮುಗಿದು ಹೇಳುತ್ತೇನೆ. ತೋಟದ ಗೇಟಿನಲ್ಲಿ 30 ಪಾಯಿಂಟ್ ಗಾಳಿಯನ್ನು 20ಕ್ಕೆ ಇಳಿಸಿದರೆ ಟೈರ್ ನೆಲಕ್ಕೆ ಉದ್ದವಾಗಿ ಒರಗಿ ಇನ್ನಷ್ಟು ಹಿಡಿಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲವಾದರೆ ಪಕ್ಕೆ ಕಾದು ಒಡೆಯಬಹುದು.

ಅಳತೆಯ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ನೋಡುವವರು ಕಡಿಮೆ. 96 ಅಂದರೆ ಒಂದು ಟೈರ್ 710 ಕೆ.ಜಿ. ಹೊರಬಲ್ಲದು, 100 ಅಂದರೆ 800. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆಯದು ಹಾಕಿಸಬೇಡಿ. ಶೇ. 6 ದೊಡ್ಡ ಟೈರಿನಲ್ಲಿ ಸ್ಪೀಡೋಮೀಟರ್ 80 ತೋರಿಸುವಾಗ ನೀವು ಮೊದಲಿಗಿಂತ ಹೆಚ್ಚು, ಲೆಕ್ಕದ ಪ್ರಕಾರ 85ರ ಹತ್ತಿರ ಓಡುತ್ತಿರಬಹುದು; ದೊಡ್ಡ, ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಕೆಲಸವೂ ಜಾಸ್ತಿ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಕಂಪನಿಯೇ ಅದೇ ಮಾದರಿಗೆ ಕೊಡುವ ಬೇರೆ ಅಳತೆಗೆ ಹೋಗುವುದು ನೆಮ್ಮದಿ. 2020ರ ಥಾರ್‌ಗೆ 245/75 ಆರ್16 ಇದೆ, 255/65 ಆರ್18 ಕೂಡ ಇದೆ. ರಿಮ್ ಎರಡು ಇಂಚು ಬೇರೆಯಾದರೂ ಎತ್ತರದಲ್ಲಿ ವ್ಯತ್ಯಾಸ 15 ಮಿ.ಮೀ. ಮಾತ್ರ. ಗಾಡಿ ಮಾಡಿದವರೇ ಎಷ್ಟು ಎಚ್ಚರ ವಹಿಸಿದ್ದಾರೆ ನೋಡಿ.

ಕೊನೆಗೆ ಸ್ಟೆಪ್ನಿ. ನಾಲ್ಕು ಟೈರ್ ಹಾಕಿಸಿ ಐದನೆಯದನ್ನು ಹಳೆಯದೇ ಉಳಿಸಿಕೊಳ್ಳುವವರು ಬಹಳ. ಜಿಮ್ನಿ, ಥಾರ್‌ಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಸುತ್ತುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ಒಂದು ಚಕ್ರ ಚಿಕ್ಕದಾದರೆ ಆ ವ್ಯತ್ಯಾಸವೆಲ್ಲ ಶಾಫ್ಟ್, ಗೇರುಗಳ ಮೇಲೆ ತಿರುಚಾಗಿ ಕೂರುತ್ತದೆ. ಐದೂ ಟೈರ್ ಒಂದೇ ಅಳತೆಯದ್ದಾಗಲಿ. ಹಾಗೆಯೇ, ಹೊಸ ಸ್ಟೆಪ್ನಿ ಹಿಂದಿನ ಬಾಗಿಲಿಗೆ ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆದು ಮುಚ್ಚಿ, ಟೈರಿನ ಕೆಳಗಿನ ಅಂಚು ಬಂಪರಿಗೆ ತಾಗುತ್ತದೆಯೇ, ಹಿಂಜಿಗೆ ಭಾರ ಬಿದ್ದು ಬಾಗಿಲು ಕೆಳಗೆ ಜಗ್ಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಂಡು ಹೊರಡಿ.