ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಕಣ್ಣು ತೋರಿಸಿಕೊಳ್ಳಿ

ಕಳೆದ ದೀಪಾವಳಿಗೆ ಮುನ್ನ ಒಂದು ಸಂಜೆ ಹಟ್ಟಿಯ ನನ್ನ ಚಿಕಿತ್ಸಾಲಯಕ್ಕೆ ಹಳೆಯ ಗೆಳೆಯರೊಬ್ಬರು ಬಂದರು. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕು ಭೂಗರ್ಭದ ಕಾಯಕ ಮಾಡಿ ನಿವೃತ್ತರಾದವರು. ಅದರಲ್ಲಿ ಬಹುಕಾಲ ಬಂಡೆ ಕೊರೆಯುವ ಯಂತ್ರ ಹಿಡಿದೇ ಕಳೆದವರು. ಬಂದದ್ದು ಔಷಧಕ್ಕಲ್ಲ. "ಡಾಕ್ಟರ್ ಸಾಹೇಬ್ರ, ನನಗೊಂದು ಲ್ಯಾಪ್‌ಟಾಪ್ ಕೊಡಸ್ರಿ. ಯಾವುದು ತಗೋಬೇಕು ತಿಳೀವಲ್ದು" ಎಂದರು.

ಅವರ ತಂದೆಯವರು ಊರಿನ ಭಜನಾ ಮೇಳದ ಹಿರಿಯರಾಗಿದ್ದರು. ಅವರು ಕೈಯಿಂದ ಬರೆದಿಟ್ಟ ತತ್ವಪದಗಳ ಮೂರು ವಹಿಗಳು ಮನೆಯಲ್ಲಿವೆ. ಕಾಗದ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ನಗರದಲ್ಲಿರುವ ಮಗನಿಗೆ ಬೆರಳಚ್ಚು ಬರುತ್ತದೆ, ಆದರೆ ಆ ಪದಗಳ ಹಳೆಯ ಮಾತು ತಿಳಿಯದು. ತಿಳಿದ ಇವರಿಗೋ ಬರೆಯಲು ಬೆರಳು ಸಹಕರಿಸದು; ಯಂತ್ರದ ಕಂಪನವನ್ನು ದಶಕಗಳ ಕಾಲ ಹೊತ್ತ ಬೆರಳುಗಳು ಜೋಮು ಹಿಡಿದು, ಲೇಖನಿಯ ಹಿಡಿತವೇ ತಪ್ಪಿದೆ. ಆದ್ದರಿಂದ ಲ್ಯಾಪ್‌ಟಾಪ್ ಅವರಿಗೆ ವಿಲಾಸದ ವಸ್ತುವಾಗಿರಲಿಲ್ಲ.

ನಾನು ಗಣಕಯಂತ್ರದ ಪಂಡಿತನಲ್ಲ. ಆದರೆ ರೋಗಿಗಳ ದಾಖಲೆಯನ್ನೂ ಈ ಪತ್ರಿಕೆಯ ಲೇಖನಗಳನ್ನೂ ಹಲವು ವರ್ಷಗಳಿಂದ ಅದರಲ್ಲಿಯೇ ಬರೆಯುತ್ತಿದ್ದೇನೆ. ಮೂರು ಯಂತ್ರ ಕೊಂಡು ಒಂದರಲ್ಲಿ ಕೈ ಸುಟ್ಟುಕೊಂಡವನು. ಆ ಅನುಭವದ ಧೈರ್ಯದಿಂದ ಒಂದು ಭಾನುವಾರ ಅವರೊಡನೆ ಲಿಂಗಸುಗೂರಿಗೆ ಹೋದೆ.

ಅಂಗಡಿಯಲ್ಲಿ ಮೊದಲು ತೋರಿಸಿದ ಯಂತ್ರ ನನಗೆ ಒಪ್ಪಿಗೆಯಾಯಿತು. ಗೆಳೆಯರು ಪರದೆಯನ್ನು ನೋಡಿ, "ಮಬ್ಬು ಐತ್ರಿ" ಎಂದರು. ಮಾರುವ ಹುಡುಗ ಅದಕ್ಕಿಂತ ಹೆಚ್ಚು ಬೆಲೆಯದನ್ನು ತಂದ, ಅದೂ ಮಬ್ಬು. ಹೀಗೆ ಬೆಲೆ ಏರುತ್ತ ಏರುತ್ತ ಎಂಬತ್ತು ಸಾವಿರದ ಹತ್ತಿರ ಬಂದು ನಿಂತಿತು. ಅಷ್ಟು ಕೊಡಲು ಅವರು ಮನಸ್ಸು ಮಾಡಿಯೂ ಬಿಟ್ಟಿದ್ದರು. ನಾನು, ನಾಳೆ ವಿಚಾರ ಮಾಡೋಣವೆಂದು ಹೊರಗೆ ಕರೆತಂದೆ. ಅಷ್ಟರಲ್ಲಿ ಕತ್ತಲಾಗಿತ್ತು. ಎದುರಿನಿಂದ ಬಂದ ವಾಹನದ ದೀಪಕ್ಕೆ ಅವರು ಅಂಗೈ ಅಡ್ಡ ಹಿಡಿದು ನಿಂತರು. ಕೇಳಿದರೆ, ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ, ಈಗೀಗ ರಾತ್ರಿ ಸೈಕಲ್ ಮೋಟಾರು ಬಿಟ್ಟಿದ್ದೇನೆ ಎಂದರು. ಎರಡು ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಿಸಿದ್ದನ್ನು ಅವರು ನನಗೇ ಹೇಳಿದ್ದರು. ವೈದ್ಯನಾಗಿ ನಾನು ಅದನ್ನು ಜೋಡಿಸಿ ನೋಡಿರಲಿಲ್ಲ. ಮಬ್ಬು ಪರದೆಯಲ್ಲಿರಲಿಲ್ಲ.

ರಾಯಚೂರಿನಲ್ಲಿ ನೇತ್ರತಜ್ಞರು ಪರೀಕ್ಷಿಸಿದಾಗ ಎರಡೂ ಕಣ್ಣಿನಲ್ಲಿ ಪೊರೆ ಕಂಡಿತು, ಬಲಗಣ್ಣಿನದು ಬಲಿತಿತ್ತು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಲಿಂಗನಾಶವೆಂದು ಹೆಸರು. ಈ ಪತ್ರಿಕೆಯ ಓದುಗರಿಗೆ ಆ ಶಬ್ದ ಕೇಳಿ ಕಸಿವಿಸಿಯಾಗಬಹುದು. ಅಲ್ಲಿ ಲಿಂಗವೆಂದರೆ ಕಾಣುವ ಶಕ್ತಿ ಎಂದಷ್ಟೇ ಅರ್ಥ. ಸುಶ್ರುತರು ಉತ್ತರತಂತ್ರದಲ್ಲಿ ಕಫಜ ಲಿಂಗನಾಶಕ್ಕೆ ಶಸ್ತ್ರಕ್ರಿಯೆಯನ್ನೇ ವಿಧಿಸಿದ್ದಾರೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪೊರೆಯನ್ನು ಕರಗಿಸುತ್ತೇವೆಂದು ಜೇನು, ಈರುಳ್ಳಿ ರಸ, ಮನೆಯಲ್ಲಿ ಕುದಿಸಿದ ಕಷಾಯಗಳನ್ನು ಕಣ್ಣಿಗೆ ಬಿಡುವವರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಅದನ್ನು ಆಯುರ್ವೇದವೆಂದು ಹೇಳಿಕೊಳ್ಳುವವರೂ ಇದ್ದಾರೆ. ಬಲಿತ ಪೊರೆ ಹನಿಯಿಂದ ಕರಗದು. ಪ್ರಾಚೀನರು ಪೊರೆಯನ್ನು ದೃಷ್ಟಿಯ ದಾರಿಯಿಂದ ಸರಿಸುತ್ತಿದ್ದರು. ಇಂದು ಅದನ್ನು ತೆಗೆದು ಕೃತಕ ಮಸೂರವನ್ನು ಇಡುತ್ತಾರೆ. ಫಲ ಎಷ್ಟೋ ಪಾಲು ಉತ್ತಮ. ಗೆಳೆಯರ ರಕ್ತದ ಸಕ್ಕರೆ ಹತೋಟಿಗೆ ಬಂದ ಮೇಲೆ ಮೊದಲು ಬಲಗಣ್ಣು, ಕೆಲವು ವಾರಗಳ ಬಳಿಕ ಎಡಗಣ್ಣು ಶಸ್ತ್ರಕ್ರಿಯೆಯಾಯಿತು.

ಇಷ್ಟಕ್ಕೆ ಲ್ಯಾಪ್‌ಟಾಪಿನ ವಿಷಯಕ್ಕೆ ಬರಬಹುದಿತ್ತು, ಆದರೆ ಕನ್ನಡಕದ ಮಾತೊಂದು ಉಳಿದಿದೆ. ಕಣ್ಣಿನೊಳಗೆ ಇಡುವ ಸಾಮಾನ್ಯ ಮಸೂರವನ್ನು ಹೆಚ್ಚಾಗಿ ದೂರದ ನೋಟಕ್ಕೆ ಹೊಂದಿಸಿರುತ್ತಾರೆ. ಪುಸ್ತಕ ಓದಲು ಬೇರೆ ಕನ್ನಡಕ ಕೊಡುತ್ತಾರೆ. ಲ್ಯಾಪ್‌ಟಾಪಿನ ಪರದೆ ಈ ಎರಡರ ನಡುವಿನ ದೂರದಲ್ಲಿರುತ್ತದೆ. ನಲವತ್ತು ದಾಟಿದ ಬಹುಜನರು ಮೇಲೆ ದೂರಕ್ಕೂ ಕೆಳಗೆ ಹತ್ತಿರಕ್ಕೂ ಇರುವ ಜೋಡಿ ಗಾಜಿನ ಕನ್ನಡಕ ಧರಿಸಿಯೇ ಪರದೆಯ ಮುಂದೆ ಕೂರುತ್ತಾರೆ. ಕೆಳಗಿನ ಗಾಜಿನಿಂದ ಎದುರಿನ ಅಕ್ಷರ ಕಾಣಲೆಂದು ಗದ್ದವನ್ನು ಮೇಲೆತ್ತಿ, ಹಾಗೆಯೇ ಗಂಟೆಗಟ್ಟಲೆ ಇರುತ್ತಾರೆ. ಕತ್ತಿನ ನೋವೆಂದು ನನ್ನಲ್ಲಿಗೆ ಬರುವ ಲೆಕ್ಕಿಗರು, ಶಿಕ್ಷಕರಲ್ಲಿ ಈ ಗದ್ದವೆತ್ತುವ ಅಭ್ಯಾಸವನ್ನು ಎಷ್ಟೋ ಸಲ ಕಂಡಿದ್ದೇನೆ. ಮನ್ಯಾಸ್ತಂಭ, ಅಂದರೆ ಕತ್ತು ಹಿಡಿದುಕೊಳ್ಳುವ ವ್ಯಾಧಿಗೆ ಸುಶ್ರುತರು ಹೇಳುವ ಕಾರಣಗಳಲ್ಲಿ ತಪ್ಪಾದ ಆಸನವೂ ಕತ್ತೆತ್ತಿ ನೋಡುವುದೂ ಸೇರಿವೆ. ಇವರಿಗೆ ತೈಲ, ಶಾಖ ಎಲ್ಲವನ್ನೂ ಕೊಡಬಹುದು. ಕನ್ನಡಕ ಬದಲಾಗದೆ ನೋವು ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಗೆಳೆಯರನ್ನು ಅವರ ಮನೆಯ ಮೇಜಿನ ಮುಂದೆ ಕೂರಿಸಿ, ಪರದೆ ಬರುವ ಜಾಗದಲ್ಲಿ ಒಂದು ಹಲಗೆ ನಿಲ್ಲಿಸಿ, ಕಣ್ಣಿನಿಂದ ಅಲ್ಲಿಗೆ ಟೇಪು ಹಿಡಿದು ಅಳೆದೆ. ಇಪ್ಪತ್ನಾಲ್ಕು ಇಂಚು. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ವೈದ್ಯರಿಗೆ ಕೊಟ್ಟೆವು. ಅದೇ ದೂರಕ್ಕೆ ಒಂಟಿ ಗಾಜಿನ ಕನ್ನಡಕ ಬರೆದುಕೊಟ್ಟರು. ನೀಲಿ ಕಿರಣ ತಡೆಯುವ ಲೇಪನ ಹಾಕಿಸಿರೆಂದು ಕನ್ನಡಕದಂಗಡಿಯವರು ಹೇಳಿದರು. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದಕ್ಕೆ ಬಲವಾದ ಆಧಾರ ದೊರೆತಿಲ್ಲವೆಂದು 2023ರ ಕಾಕ್ರೇನ್ ಸಮೀಕ್ಷೆ ಹೇಳಿದೆ. ಬೇಡವೆಂದೆವು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಅಂಗಡಿಗೆ ಹೋದೆವು. ಈ ಸಲ ಅವರ ಜೇಬಿನಲ್ಲಿ ಹೊಸ ಕನ್ನಡಕವಿತ್ತು. ಅಂಗಡಿಯಲ್ಲಿ ಪರದೆಯ ಗುಣ ತೋರಿಸಲು ಬಣ್ಣಬಣ್ಣದ ಚಲನಚಿತ್ರ ಹಾಕುತ್ತಾರೆ. ಅದರಿಂದ ಬರೆಯುವವರಿಗೆ ಏನೂ ತಿಳಿಯದು. ಕನ್ನಡ ಲಿಪಿಯಲ್ಲಿ ಒಂದು ಪುಟ ತೆರೆಯಿರಿ ಎಂದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. ಲಕ್ಷ್ಮಿ, ರಾಷ್ಟ್ರ, ಶಾಸ್ತ್ರ ಎಂಬ ಶಬ್ದಗಳ ಒತ್ತುಗಳು ಎರಡಡಿ ದೂರದಿಂದ ಹುಬ್ಬುಗಂಟಿಕ್ಕದೆ ಓದಲು ಬಂದರೆ ಆ ಪರದೆ ಸಾಕು. ಗೆಳೆಯರು ಮೊದಲ ಯಂತ್ರದಲ್ಲಿಯೇ ಓದಿದರು. ಅದು ದೀಪಾವಳಿಯಲ್ಲಿ ಮಬ್ಬೆಂದು ತಳ್ಳಿದ್ದೇ ಮಾದರಿ.

ಪರದೆ ಹೊಳಪಿನದಾಗಿರದೆ ಮಂದ ಮೈಯದಾಗಿರಲಿ. ಹೊಳೆಯುವ ಪರದೆಯಲ್ಲಿ ಕಿಟಕಿಯ ಬೆಳಕೂ ನಮ್ಮ ಮುಖವೂ ಕಾಣುತ್ತವೆ. ಬೆಳಕಿನ ಪ್ರಮಾಣವನ್ನು ನಿಟ್ಸ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಅಗ್ಗದವುಗಳಲ್ಲಿ 250 ಇರುತ್ತದೆ, 300 ಇದ್ದರೆ ನಮ್ಮ ಬಯಲುಸೀಮೆಯ ಹಗಲಿಗೆ ಅನುಕೂಲ. ದಿನವೂ ಹೊತ್ತು ತಿರುಗುವವರಿಗೆ 14 ಇಂಚಿನದು ಹಗುರ. ಮನೆಯಲ್ಲಿಯೇ ಕೂರುವ ಹಿರಿಯರಿಗೆ 15.6 ಇಂಚು ಮೇಲು. ಅಕ್ಷರದ ಗಾತ್ರವನ್ನು ಶೇ. 125 ಅಥವಾ 150ಕ್ಕೆ ಏರಿಸಿಕೊಳ್ಳುವ ಅವಕಾಶ ಎಲ್ಲದರಲ್ಲಿಯೂ ಇದೆ. ಯಾರಿಂದಲಾದರೂ ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಿ.

ಒಳಗಿನ ಭಾಗಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬರೆಯಲು, ಓದಲು, ಮಕ್ಕಳೊಡನೆ ಮುಖ ನೋಡಿ ಮಾತನಾಡಲು ಇಂಟೆಲ್ ಕೋರ್ ಐ3, ಐ5 ಅಥವಾ ರೈಜನ್ 3, 5ರ ಈಚಿನ ಯಾವುದೂ ಆದೀತು. ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ, ಸಾಧ್ಯವಿದ್ದರೆ 16 ಇರಲಿ. ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಬೇಕು, 512 ಜಿಬಿ ಸಾಕು. ಆಟದ ಯಂತ್ರಗಳು ಭಾರ, ಬಿಸಿ, ದುಬಾರಿ. ಹಳೆಯ ಯಂತ್ರವನ್ನು ದುರಸ್ತಿ ಮಾಡಿ ಅಗ್ಗಕ್ಕೆ ಮಾರುವವರಿದ್ದಾರೆ. ಅದರಲ್ಲಿ ವಿಂಡೋಸ್ 10 ಇದ್ದು, 11 ಕೂರದಿದ್ದರೆ ಬಿಡಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ನಾನು ಕೈ ಸುಟ್ಟುಕೊಂಡದ್ದು ಅಂತಹ ಹಳೆಯದೊಂದರಲ್ಲಿಯೇ. ಕೆಟ್ಟರೆ ದುರಸ್ತಿಗಾರ ಹಟ್ಟಿಗೇ ಬರುವನೋ, ನಾವೇ ಹೊತ್ತು ದೂರದ ಊರಿಗೆ ಹೋಗಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಲ್ಯಾಪ್‌ಟಾಪ್ ಎಂದರೆ ತೊಡೆಯ ಮೇಲಿಡುವುದೆಂದು ಅರ್ಥ. ಇಡಬಾರದ ಜಾಗ ಅದೇ! ತಿಂಗಳುಗಟ್ಟಲೆ ಅದರ ಬಿಸಿ ತಾಗಿದ ತೊಡೆಯ ಚರ್ಮದಲ್ಲಿ ಬಲೆಯಂತೆ ಕಂದು ಗೆರೆಗಳು ಮೂಡುತ್ತವೆ. ಬೆರಳು ಮರಗಟ್ಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ ಸುಡುತ್ತಿರುವುದೇ ತಿಳಿಯದು. ಮಕ್ಕಳನ್ನು ಬಯಸುವ ಗಂಡಸರಂತೂ ಈ ಅಭ್ಯಾಸವನ್ನು ಬಿಡಬೇಕು. ಹಾಸಿಗೆ, ದಿಂಬಿನ ಮೇಲಿಟ್ಟರೆ ಕೆಳಗಿನ ಗಾಳಿಕಂಡಿ ಮುಚ್ಚಿ ಯಂತ್ರವೇ ಬೇಯುತ್ತದೆ. ಹೆಚ್ಚಿನ ತಯಾರಕರು 35 ಡಿಗ್ರಿವರೆಗಿನ ಶಾಖದಲ್ಲಿ ಬಳಸಿರೆನ್ನುತ್ತಾರೆ. ನಮ್ಮ ಜಿಲ್ಲೆಯ ಬೇಸಿಗೆ 40 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹತ್ತರೊಳಗೆ ಬರೆದು ಮುಚ್ಚಿಡುವುದು ಯಂತ್ರಕ್ಕೂ ಹಿತ, ಕೂತವರಿಗೂ ಹಿತ.

ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದು ಈ ಯಂತ್ರದ ಹುಟ್ಟುದೋಷ. ಕೈಗೆ ಸರಿಯಾಗಿಟ್ಟರೆ ಕತ್ತು ಬಾಗುತ್ತದೆ, ಕತ್ತಿಗೆ ಸರಿಯಾಗಿಟ್ಟರೆ ಭುಜ ಎತ್ತಬೇಕಾಗುತ್ತದೆ. ತಲೆಯ ತೂಕ ಸುಮಾರು 5 ಕಿಲೋ. ಮುಂದೆ ಬಾಗಿದಷ್ಟೂ ಕತ್ತಿನ ಸ್ನಾಯುಗಳ ಮೇಲೆ ಭಾರ ಹೆಚ್ಚುತ್ತದೆ. ಉಪಾಯ ಸುಲಭ. ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಕೊಂಡು, ಲ್ಯಾಪ್‌ಟಾಪನ್ನು ಎತ್ತರದಲ್ಲಿಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ. ಗೆಳೆಯರು ಇದಕ್ಕೆ ಒಂದು ಮರದ ಪೆಟ್ಟಿಗೆ ಇಟ್ಟರು. ವಹಿಯನ್ನು ಮೇಜಿನ ಮೇಲೆ ಮಲಗಿಸಿಟ್ಟರೆ ಪ್ರತಿ ಸಾಲಿಗೂ ಕತ್ತು ಕೆಳಗೆ ಹೋಗುತ್ತದೆಂದು, ಪುರಾಣ ಹೇಳುವವರು ಗ್ರಂಥವಿಡುವಂತಹ ಮರದ ಪೀಠವನ್ನು ಪರದೆಯ ಪಕ್ಕಕ್ಕೆ ನಿಲ್ಲಿಸಿದೆವು. ಮರಗಟ್ಟಿದ ಬೆರಳಿಗೆ ಚಪ್ಪಟೆ ಕೀಲಿ ಒತ್ತಿದ್ದೇ ಗೊತ್ತಾಗದು. ಎತ್ತರವಾಗಿ, ಒತ್ತಿದಾಗ ಕೆಳಗಿಳಿದದ್ದು ತಿಳಿಯುವ ಕೀಲಿಗಳಿರುವುದನ್ನೇ ಆರಿಸಿದೆವು. ಕೈಗೆ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಶಾಖ ಕೊಟ್ಟರೆ ಹಿತವೆನಿಸುತ್ತದೆ, ಆದರೆ ಕಂಪನದಿಂದ ಹೋದ ಸ್ಪರ್ಶ ಮರಳುತ್ತದೆಂದು ನಾನು ಅವರಿಗೆ ಹೇಳಿಲ್ಲ. ತಂಬಾಕು ಬಿಡಿಸಿದೆ, ಅದು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಸಂಕುಚಿಸುತ್ತದೆ.

ಕನ್ನಡ ಬರೆಯಲು ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಕಲಿಯುವವರಿಗೆ ಸುಲಭ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಯೂನಿಕೋಡ್‌ನಲ್ಲಿಯೇ ಬರೆಯಿರಿ, ಇಲ್ಲವಾದರೆ ಇನ್ನೊಬ್ಬರ ಯಂತ್ರದಲ್ಲಿ ನಿಮ್ಮ ಪದಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಮಾತನಾಡಿದ್ದನ್ನು ಯಂತ್ರವೇ ಬರೆದುಕೊಳ್ಳುವ ವ್ಯವಸ್ಥೆಯೂ ಕನ್ನಡದಲ್ಲಿದೆ. ಗೆಳೆಯರು ಅದನ್ನು ಎರಡು ದಿನ ಪ್ರಯತ್ನಿಸಿದರು. ತಂದೆಯವರ ತತ್ವಪದದ ಮಾತು ಅದಕ್ಕೆ ಹಿಡಿಸಲಿಲ್ಲ.

ಇಂದ್ರಿಯಗಳನ್ನು ಬಳಸುವಲ್ಲಿ ಅತಿಯೋಗ, ಅಯೋಗ, ಮಿಥ್ಯಾಯೋಗಗಳೇ ರೋಗಕ್ಕೆ ಕಾರಣವೆಂದು ಚರಕರು ಹೇಳುತ್ತಾರೆ. ಅತಿಯಾಗಿ ಬೆಳಗುವುದನ್ನು ಹೆಚ್ಚು ಹೊತ್ತು ನೋಡುವುದು ಅತಿಯೋಗ, ಅತಿ ಹತ್ತಿರದಿಂದ ನೋಡುವುದು ಮಿಥ್ಯಾಯೋಗ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿ ಆಚೆಗೆ ನೋಡಬೇಕು. ಗೆಳೆಯರ ಮೇಜಿನಿಂದ ಅಂಗಳದ ಬೇವಿನ ಮರ ಕಾಣುತ್ತದೆ; ಅದನ್ನೇ ಗುರುತು ಮಾಡಿಕೊಟ್ಟೆ. ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರಬೇಕು. ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕುವ ಪದ್ಧತಿ ಕಣ್ಣಿಗೆ ಹಿತವೆಂದು ನಮ್ಮವರು ಬಗೆದಿದ್ದಾರೆ. ನಿದ್ರೆಯಂತೂ ಚೆನ್ನಾಗಿ ಬರುತ್ತದೆ. ಆದರೆ ಶಸ್ತ್ರಕ್ರಿಯೆಯಾದ ಕಣ್ಣಿಗೆ ವೈದ್ಯರು ಬರೆದ ಹನಿಯ ಹೊರತು ಏನನ್ನೂ ಬಿಡಬೇಡಿರೆಂದು ಅವರ ಮನೆಯವರಿಗೂ ಹೇಳಿ ಬಂದೆ.

ಎಲ್ಲ ಸೇರಿ ಅವರಿಗೆ ಆದ ಖರ್ಚು, ಆ ಭಾನುವಾರ ಕೊಡಲು ಸಿದ್ಧರಾಗಿದ್ದ ಹಣಕ್ಕಿಂತ ಕಡಿಮೆ; ಕನ್ನಡಕ, ಕೀಲಿಮಣೆ ಅದರಲ್ಲಿಯೇ ಬಂದವು. ಈಗ ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಎರಡು ಗಂಟೆ ಕೂರುತ್ತಾರೆ. ಮೊದಲು ದಿನಕ್ಕೆ ನಾಲ್ಕು ಸಾಲು ಆಗುತ್ತಿತ್ತು, ಈಗ ಒಂದು ಪದ ಪೂರ್ತಿಯಾಗುತ್ತದೆ. ಮೊದಲನೆಯ ವಹಿ ಮುಗಿದಿದೆ. ಎರಡನೆಯದರಲ್ಲಿ ತಂದೆಯವರು ಸೀಸದ ಕಡ್ಡಿಯಿಂದ ಬರೆದ ಪುಟಗಳಿವೆ, ಅವು ಮಾಸಿವೆ. "ಈ ಸಲ ಕಣ್ಣಿಂದಲ್ರಿ, ಅಕ್ಷರನ ಮಾಸ್ಯಾವ" ಎಂದು ಮೊನ್ನೆ ಫೋನು ಮಾಡಿ ಹೇಳಿದರು. ಪೀಠದ ಪಕ್ಕಕ್ಕೆ ಓರೆಯಾಗಿ ಬೆಳಕು ಬೀಳುವ ಒಂದು ಮೇಜುದೀಪ ತೆಗೆದುಕೊಂಡು ಈ ವಾರ ಅವರ ಮನೆಗೆ ಹೋಗಬೇಕಾಗಿದೆ.