ಕ್ವಾರಂಟೈನ್: ನಲವತ್ತು ದಿನದ ಲೆಕ್ಕ

ಮೈಸೂರಿನ ದೇವರಾಜ ಮೊಹಲ್ಲಾದ ನಿವಾಸಿಗಳು 2020ರ ದಿನಗಳನ್ನು ಮರೆತಿರಲಾರರು. ಕೋವಿಡ್ ರೋಗಿಯ ಸಂಪರ್ಕಕ್ಕೆ ಬಂದವರು 14 ದಿನ ಹೊರಬರುವಂತಿರಲಿಲ್ಲ. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಲಾಗಿತ್ತು. ಆಗ ಎಲ್ಲರ ಬಾಯಲ್ಲೂ ಇದ್ದ ಪದ ‘ಕ್ವಾರಂಟೈನ್’. ಈ ಪದದ ಮೂಲಾರ್ಥ ಏನು ಗೊತ್ತೆ? ನಲವತ್ತು!

ಇಟಲಿಯ ಭಾಷೆಯಲ್ಲಿ ‘ಕ್ವರಾಂತ’ ಎಂದರೆ ನಲವತ್ತು. 14ನೇ ಶತಮಾನದಲ್ಲಿ ಯೂರೋಪನ್ನು ಪ್ಲೇಗ್ ಧ್ವಂಸ ಮಾಡಿತು. 1377ರಲ್ಲಿ ರಗೂಸಾ (ಇಂದಿನ ಕ್ರೊಯೇಷಿಯದ ಡುಬ್ರೊವ್ನಿಕ್) ಬಂದರು ನಗರವು, ರೋಗಪೀಡಿತ ಊರುಗಳಿಂದ ಬಂದವರು 30 ದಿನ ಹೊರಗೇ ಇರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಈ ಅವಧಿ 40 ದಿನವಾಯಿತು. ಪದ ಹುಟ್ಟಿದ್ದು ಹೀಗೆ. ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಹಳೆಯ ಅರ್ಥವೂ ಇತ್ತು: ವಿಧವೆಯು ಗಂಡನ ಮನೆಯಲ್ಲಿ 40 ದಿನ ಉಳಿಯುವ ಹಕ್ಕು.

ರೋಗಿಯನ್ನು ಬೇರೆ ಇಡುವುದು ಪ್ರತ್ಯೇಕವಾಸ. ಸೋಂಕು ತಗುಲಿರಬಹುದಾದ, ಆದರೆ ಆರೋಗ್ಯವಾಗಿ ಕಾಣುವ ವ್ಯಕ್ತಿಯನ್ನು ತಡೆದು ಕಾಯುವುದು ಕ್ವಾರಂಟೈನ್. ಎಷ್ಟು ದಿನ ಕಾಯಬೇಕು? ರೋಗಾಣು ದೇಹ ಹೊಕ್ಕ ಮೇಲೆ ಲಕ್ಷಣ ಕಾಣಲು ಹಿಡಿಯುವ ಗರಿಷ್ಠ ಕಾಲವೇ ಇದಕ್ಕೆ ಆಧಾರ. ಪ್ಲೇಗಿಗೆ ಇದು ಸಾಮಾನ್ಯವಾಗಿ ಒಂದು ವಾರದೊಳಗೆ. ಕೋವಿಡ್‌ಗೆ 14 ದಿನವೆಂದು ಆಗ ಎಣಿಸಲಾಗಿತ್ತು. ರೋಗಾಣುವಿನ ಅರಿವೇ ಇಲ್ಲದ ಕಾಲದ ಅಂದಾಜು 40.

ದಿನ ತಡೆದರೆ ಸಾಲದು, ಯಾರನ್ನು ತಡೆಯಬೇಕೆಂದೂ ತಿಳಿದಿರಬೇಕು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು. ಗಡ್ಡೆ ಏಳುವ ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಮೈಮೇಲಿನ ಚಿಗಟ. ಮನುಷ್ಯರ ದಾರಿ ಕಟ್ಟಿದರೆ ಇಲಿ ನಿಲ್ಲುವುದೆ? ನಮ್ಮ ಹಿರಿಯರು ‘ಇಲಿ ಬಿತ್ತು’ ಎಂದೊಡನೆ ಮನೆ ಖಾಲಿ ಮಾಡಿ, ಊರಾಚೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಸತ್ತ ಇಲಿಯನ್ನು ಬಿಟ್ಟ ಚಿಗಟ ಹತ್ತಿರದ ಮನುಷ್ಯರನ್ನು ಕಚ್ಚುತ್ತದೆ. ಆದ್ದರಿಂದ ಆ ರೋಗಕ್ಕೆ ಮನೆಯೊಳಗೆ ಕೂಡಿಡುವುದಕ್ಕಿಂತ ಮನೆ ಬಿಡುವುದೇ ಕ್ಷೇಮವಾಗಿತ್ತು. 1903ರಲ್ಲಿ ಮೈಸೂರು ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು.

ದೇವರಾಜ ಮಾರುಕಟ್ಟೆಯಲ್ಲಿ ಹೂವು ಕಟ್ಟಿ ಮಾರುವವರಿಗೆ ಒಂದು ದಿನದ ನಿರ್ಬಂಧವೆಂದರೆ ಒಂದು ದಿನದ ಅನ್ನ. ಅವಧಿ ಕಡಿಮೆಯಾದರೆ ರೋಗ ಹಬ್ಬುತ್ತದೆ, ಹೆಚ್ಚಾದರೆ ಬದುಕು ಮುರಿಯುತ್ತದೆ. ಮುಂದೊಮ್ಮೆ ಈ ಪದ ಕಿವಿಗೆ ಬಿದ್ದರೆ ನೀವು ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟು ದಿನ? ಆ ಲೆಕ್ಕ ಬಂದದ್ದು ಯಾವುದರಿಂದ?