ಬ್ಯಾಟರಿ ಪರೀಕ್ಷೆ: ವ್ಯಾಟ್ ಲೆಕ್ಕ ಮರೆಯಬೇಡಿ

ಮಳೆಗಾಲ ಬಂತೆಂದರೆ ನಮ್ಮ ವಯನಾಡಿನಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿಯುವುದು ಹೊಸತೇನಲ್ಲ. ‘ಕರೆಂಟು ಹೋಯಿತು’ ಎಂದರೂ ‘ಕರೆಂಟ್ ಪೋಯಿ’ ಎಂದರೂ ಕತ್ತಲೆ ಒಂದೇ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ದಾರಿಯ ಜೊತೆಗೆ ವಿದ್ಯುತ್ತೂ ಕಡಿದುಹೋಯಿತು. ಅಂಥ ಹೊತ್ತಿನಲ್ಲಿ ಮನೆಯ ಇನ್ವರ್ಟರ್ ಬ್ಯಾಟರಿ ಎಷ್ಟು ಗಂಟೆ ಬಾಳೀತು ಎಂಬುದು ಮೊದಲೇ ಗೊತ್ತಿರಬೇಕು.

ಬರೀ ವೋಲ್ಟ್ ಅಳೆದರೆ ಇದು ತಿಳಿಯುವುದಿಲ್ಲ. ಸವೆದ ಬ್ಯಾಟರಿಯೂ ಸುಮ್ಮನಿರುವಾಗ 12 ವೋಲ್ಟ್ ತೋರಿಸಬಹುದು. ಅದರಿಂದ ಕೆಲಸ ಮಾಡಿಸಿ, ಎಷ್ಟು ಹೊತ್ತು ತಡೆಯುತ್ತದೆಂದು ನೋಡಬೇಕು. ಹಿಂದೆ ಇದಕ್ಕೆ ವಾಹನದ ಹೆಡ್‌ಲೈಟ್ ಬಲ್ಬನ್ನು ಕಟ್ಟುತ್ತಿದ್ದರು. ಈಗ ‘ಎಲೆಕ್ಟ್ರಾನಿಕ್ ಲೋಡ್’ ಎಂಬ ಪುಟ್ಟ ಯಂತ್ರ ಸಿಗುತ್ತದೆ. ಎಷ್ಟು ಆಂಪಿಯರ್ ಬೇಕೆಂದು ಹೇಳಿದರೆ ಅಷ್ಟನ್ನೇ ಎಳೆದು, ಆ ಶಕ್ತಿಯನ್ನು ಟ್ರಾನ್ಸಿಸ್ಟರಿನಲ್ಲಿ ಶಾಖವಾಗಿ ಕಳೆಯುತ್ತದೆ. ಆ ಶಾಖವನ್ನು ಫ್ಯಾನು ಹೊರಗೆ ದೂಡುತ್ತದೆ.

ಇಲ್ಲೊಂದು ಅಪಾಯವಿದೆ. ಯಂತ್ರದ ಮೇಲೆ 150 ವೋಲ್ಟ್, 10 ಆಂಪಿಯರ್, 150 ವ್ಯಾಟ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಕೆಲವು ಅಗ್ಗದ ಯಂತ್ರಗಳು ಮೊದಲ ಎರಡು ಮಿತಿಗಳನ್ನಷ್ಟೇ ಕಾಯುತ್ತವೆ. ಮೂರನೆಯದನ್ನು ಕಾಯುವುದೇ ಇಲ್ಲ.

ಬ್ಯಾಂಕಿನ ಕೌಂಟರಿನ ಲೆಕ್ಕದಲ್ಲೇ ಹೇಳುತ್ತೇನೆ. 500 ರೂಪಾಯಿವರೆಗಿನ ನೋಟು ಕೊಡಬಹುದು, 100 ನೋಟುಗಳವರೆಗೆ ಕೊಡಬಹುದು, ಆದರೆ ಒಟ್ಟು 10,000 ರೂಪಾಯಿ ಮೀರಬಾರದು ಎಂದು ನಿಯಮವಿರಲಿ. ನೂರರ 100 ನೋಟು ಕೊಟ್ಟರೆ ಲೆಕ್ಕ ಸರಿ. ಐನೂರರ 100 ನೋಟು ಕೊಟ್ಟರೆ ಮೊದಲೆರಡು ನಿಯಮ ಮುರಿಯಲಿಲ್ಲ, ಆದರೂ 50,000 ಹೊರಗೆ ಹೋಯಿತು! ನೋಟಿನ ಬೆಲೆ ವೋಲ್ಟ್, ನೋಟಿನ ಸಂಖ್ಯೆ ಆಂಪಿಯರ್, ಒಟ್ಟು ಮೊತ್ತ ವ್ಯಾಟ್.

ಈಗ ಬ್ಯಾಟರಿಗೆ ಬರೋಣ. 150 ಏಎಚ್‌ನ ಇನ್ವರ್ಟರ್ ಬ್ಯಾಟರಿಯನ್ನು 20 ಗಂಟೆಯ ಲೆಕ್ಕದಲ್ಲಿ ಪರೀಕ್ಷಿಸಲು 7.5 ಆಂಪಿಯರ್ ಎಳೆಯಬೇಕು. 12.5 ವೋಲ್ಟಿಗೆ ಸುಮಾರು 94 ವ್ಯಾಟ್. ತೊಂದರೆಯಿಲ್ಲ. ಅಂಥದೇ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಅದೇ 7.5 ಆಂಪಿಯರ್ ಇಟ್ಟರೆ? 50 ವೋಲ್ಟಿಗೆ 375 ವ್ಯಾಟ್, ಅಂದರೆ ಮಿತಿಯ ಎರಡೂವರೆ ಪಟ್ಟು. ಒಳ್ಳೆಯ ಯಂತ್ರವಾದರೆ ತಾನೇ ಆಂಪಿಯರ್ ಇಳಿಸುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಕಾವಲಿಲ್ಲದ ಯಂತ್ರ ಎಳೆಯುತ್ತಲೇ ಇದ್ದು ಸುಡುತ್ತದೆ.

ಬಲ್ಬು ಸುಟ್ಟರೆ ತಂತು ತುಂಡಾಗಿ ಕರೆಂಟು ನಿಲ್ಲುತ್ತದೆ. ಟ್ರಾನ್ಸಿಸ್ಟರ್ ಸುಟ್ಟರೆ ಹೆಚ್ಚಾಗಿ ಒಳಗೇ ಶಾರ್ಟ್ ಆಗುತ್ತದೆ. ಆಗ ಗುಂಡಿ ಒತ್ತಿದರೂ ಯಂತ್ರ ನಿಲ್ಲದು. ಬ್ಯಾಟರಿಯ ಶಕ್ತಿಯೆಲ್ಲ ವೈರಿನಲ್ಲಿ ನುಗ್ಗಿ ಬೆಂಕಿ ಹತ್ತಬಹುದು.

ಆದ್ದರಿಂದ ಇಷ್ಟು ನೆನಪಿಡಿ. ಪೂರ್ತಿ ಚಾರ್ಜಾದ ಬ್ಯಾಟರಿಯ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. ಪರೀಕ್ಷೆಯ ಆರಂಭದಲ್ಲೇ ವ್ಯಾಟ್ ಅತಿ ಹೆಚ್ಚು. ಬಂದ ಮೊತ್ತ ಯಂತ್ರದ ವ್ಯಾಟಿನ ಮುಕ್ಕಾಲು ಪಾಲು ಮೀರದಿರಲಿ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ತಕ್ಕ ಫ್ಯೂಸ್ ಹಾಕಿ. ಫ್ಯಾನಿಗೆ ಗಾಳಿ ಆಡಲಿ. 12 ವೋಲ್ಟಿನ ಸೀಸದ ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ನಿಲ್ಲಿಸಿ. ಯಂತ್ರವನ್ನು ಓಡಲು ಬಿಟ್ಟು ತೋಟಕ್ಕೋ ಪೇಟೆಗೋ ಹೋಗಬೇಡಿ.

ಕೊಳ್ಳುವಾಗ ಅಂಗಡಿಯವರನ್ನು ಒಂದೇ ಮಾತು ಕೇಳಿ: ‘ವ್ಯಾಟ್ ಮೀರಿದರೆ ಇದು ತಾನೇ ನಿಲ್ಲುತ್ತದೆಯೇ?’ ಕನ್ನಡದಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಉತ್ತರ ಸಿಗದಿದ್ದರೆ ಆ ಕಾವಲು ಇಲ್ಲವೆಂದೇ ತಿಳಿದು ಲೆಕ್ಕವನ್ನು ನೀವೇ ಮಾಡಿ. ಒಂದು ಗುಣಾಕಾರಕ್ಕೆ ಅರ್ಧ ನಿಮಿಷ ಸಾಕು.